ಎರಡು ಪಂಚಮಿ, ಒಂದೂ ಉಂಡಿ ಇಲ್ಲ

ಧಾರವಾಡದಲ್ಲಿ ಇದ್ದುಕೊಂಡು ಶೇಂಗಾ ಬಿಡುವುದು ಅಂದರೆ ಏನು ಅಂತ ಬೇರೆ ಊರಿನವರಿಗೆ ಪೂರ್ತಿ ತಿಳಿಯಲಿಕ್ಕಿಲ್ಲ. ರೊಟ್ಟಿಗೆ ಶೇಂಗಾ ಚಟ್ನಿ. ಎಣ್ಣೆಗಾಯಿಗೆ ಶೇಂಗಾ ಪುಡಿ. ಅವಲಕ್ಕಿಗೆ, ಚುರುಮುರಿಗೆ, ಉಪವಾಸದ ಸಾಬೂದಾಣಿಗೆ ಶೇಂಗಾ. ಪಂಚಮಿ ಬಂತೆಂದರೆ ಶೇಂಗಾ ಉಂಡಿ. ನಾನು ಇದೆಲ್ಲವನ್ನೂ ಎರಡು ವರ್ಷ ಬಿಟ್ಟಿದ್ದೆ. ಬಿಡಬೇಕಾದ ಅಗತ್ಯವೇ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಶುರುವಾದದ್ದು ಶೇಂಗಾದಿಂದ ಅಲ್ಲ, ಸವತೆಕಾಯಿಯಿಂದ. ನಮ್ಮಲ್ಲಿ ಊಟಕ್ಕೆ ಕೂತರೆ ತಟ್ಟೆಯ ಬದಿಗೆ ಹಸಿ ತರಕಾರಿ ಇರಲೇಬೇಕು. ಸವತೆಕಾಯಿ, ಗಜ್ಜರಿ, ಮೂಲಂಗಿ, ಹಸಿ ಮೆಂತ್ಯೆ, ಹಕ್ಕರಕಿ ಸೊಪ್ಪು. ಒಂದು ದಿನ ಸವತೆಕಾಯಿ ಕಡಿದ ಎರಡೇ ನಿಮಿಷಕ್ಕೆ ಅಂಗಳು ತುರಿಸತೊಡಗಿತು. ನಾಲಿಗೆಯಿಂದ ಅಂಗಳು ಕೆರೆದುಕೊಳ್ಳುವ ಆ ಅವಸ್ಥೆ ಅನುಭವಿಸಿದವರಿಗೇ ಗೊತ್ತು. ಕಿವಿಯ ಒಳಗೂ ತುರಿಕೆ. ತುಟಿ ಸ್ವಲ್ಪ ಉಬ್ಬಿದ ಹಾಗೆ. ಅರ್ಧ ಗಂಟೆಯಲ್ಲಿ ಎಲ್ಲ ಇಳಿಯಿತು. ಸವತೆಕಾಯಿಗೆ ಔಷಧ ಹೊಡೆದಿರಬೇಕು ಅಂದರು ನಮ್ಮ ಮನೆಯವರು. ಮುಂದಿನ ಸಲ ಉಪ್ಪು ನೀರಿನಲ್ಲಿ ತೊಳೆದು ತಿಂದೆ. ಅದೇ ಕಥೆ. ಆಮೇಲೆ ಕರಬೂಜ, ಕಲ್ಲಂಗಡಿ, ಹಸಿ ಟೊಮೆಟೊ, ಕೆಲವು ಸಲ ಬಾಳೆಹಣ್ಣು ಕೂಡ. ವಿಚಿತ್ರ ಅಂದರೆ ಟೊಮೆಟೊ ಸಾರು ಕುಡಿದರೆ ಏನೂ ಆಗುತ್ತಿರಲಿಲ್ಲ. ಸವತೆಕಾಯಿ ಪಲ್ಯಕ್ಕೂ ಇಲ್ಲ.

ಇದರ ಜೊತೆಗೆ ಸೀನು. ಅದು ಹಳೆಯ ಕಾಯಿಲೆ. ಮಳೆ ಹಿಂದೆ ಸರಿದು, ನಮ್ಮ ಓಣಿಯ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಕಸ ಎದೆಮಟ್ಟ ಬೆಳೆದು ಬಿಳಿ ಹೂ ಬಿಟ್ಟಿತೆಂದರೆ ನನ್ನ ಮೂಗು ಹರಿಯಲು ಶುರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಬೋರ್ಡಿನ ಮೇಲೆ ಒಂದು ಸಮೀಕರಣ ಮುಗಿಸುವಷ್ಟರಲ್ಲಿ ಹತ್ತು ಸೀನು. ಹಿಂದಿನ ಬೆಂಚಿನ ಹುಡುಗರು ಎಣಿಸುತ್ತಾರೆ, ನನಗೆ ಗೊತ್ತು. ಸೀನಿಗೂ ಸವತೆಕಾಯಿಗೂ ಸಂಬಂಧ ಇರಬಹುದು ಅಂತ ಮಾತ್ರ ಹೊಳೆದಿರಲಿಲ್ಲ.

2022ರ ದಸರೆಯ ಹೊತ್ತಿಗೆ ಒಂದು ಲ್ಯಾಬಿನ ಅಲರ್ಜಿ ಪ್ಯಾಕೇಜಿನ ಜಾಹೀರಾತು ನೋಡಿದೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಡಾಕ್ಟರ ಚೀಟಿಯೂ ಬೇಡ. ಸುಮ್ನೆ ಮಾಡಿಸಿಬಿಡೋಣ ಅನ್ನಿಸಿತು. ಇದು ನನ್ನದೇ ತಪ್ಪು. ಒಂದು ವಾರಕ್ಕೆ ವರದಿ ಬಂತು. ನಾಲ್ಕು ಪುಟ, ಅರ್ಧಕ್ಕರ್ಧ ಕೆಂಪು ಅಕ್ಷರ. ಗೋಧಿ, ಶೇಂಗಾ, ಎಳ್ಳು, ಟೊಮೆಟೊ, ಬಾಳೆ, ಕಿತ್ತಳೆ, ಸೋಯಾ, ಹುಲ್ಲಿನ ಪರಾಗ, ರಬ್ಬರ್, ಎಲ್ಲ ಪಾಸಿಟಿವ್. ಶೇಂಗಾ ಮುಂದೆ 1.4 ಅಂತ ಇತ್ತು. 0.35 ದಾಟಿದರೆ ಪಾಸಿಟಿವ್ ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು. ಲ್ಯಾಬಿನ ಕಡೆಯಿಂದ ಒಬ್ಬ ಹುಡುಗಿ ಫೋನ್ ಮಾಡಿ, ಕೆಂಪಗಿರುವುದನ್ನೆಲ್ಲ ಬಿಡಿ ಮೇಡಂ, ಶೇಂಗಾ ಅಂತೂ ಮುಟ್ಟಲೇಬೇಡಿ, ಪ್ರಾಣಕ್ಕೆ ಅಪಾಯ ಅಂದಳು. ಮೂರು ನಿಮಿಷದ ಫೋನು. ನಾನು ಶೇಂಗಾ ತಿಂದು ಎಂದಾದರೂ ತೊಂದರೆ ಪಟ್ಟಿದ್ದೇನೆಯೇ ಅಂತ ಅವಳೂ ಕೇಳಲಿಲ್ಲ, ನಾನೂ ನೆನಪು ಮಾಡಿಕೊಳ್ಳಲಿಲ್ಲ. ಪ್ರಾಣ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಬುದ್ಧಿ ಎಲ್ಲಿ ಓಡುತ್ತದೆ?

"ಮದ್ಲ ನೀ ಏನ್ ತಿಂತಿ ಅದನ್ನರ ಹೇಳವಾ" ಅಂದರು ಅತ್ತೆ. ಜೋಳದ ರೊಟ್ಟಿ, ಅನ್ನ, ಬೇಳೆ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಉಳಿದವು. ಗುರೆಳ್ಳು ಆ ಪಟ್ಟಿಯಲ್ಲೇ ಇರಲಿಲ್ಲ, ಹಾಗಾಗಿ ಉಳಿಯಿತು. ಎಂಟು ತಿಂಗಳಲ್ಲಿ ಆರು ಕಿಲೋ ಇಳಿದೆ. ಪಂಚಮಿಗೆ ಅತ್ತೆ ನನಗಾಗಿ ರವೆ ಉಂಡಿ ಮಾಡಲು ಹೋಗಿ, ರವೆ ಅಂದರೂ ಗೋಧಿಯೇ ಅಲ್ವಾ ಅಂತ ಅರ್ಧಕ್ಕೆ ನಿಲ್ಲಿಸಿದರು. ಇಷ್ಟೆಲ್ಲ ಬಿಟ್ಟರೂ ಸವತೆಕಾಯಿ ತುರಿಕೆ ಹಾಗೇ ಇತ್ತು. ಯಾಕೆಂದರೆ ಸವತೆಕಾಯಿಯೂ ಆ ಪಟ್ಟಿಯಲ್ಲಿ ಇರಲಿಲ್ಲ!

2024ರ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿಯೊಬ್ಬರು ಹೇಳಿದರೆಂದು ಹುಬ್ಬಳ್ಳಿಯ ವಿದ್ಯಾನಗರದ ಕಡೆ ಅಲರ್ಜಿ ನೋಡುವ ಡಾಕ್ಟರ ಹತ್ತಿರ ಹೋದೆ. ಅವರು ವರದಿಯನ್ನು ಬದಿಗಿಟ್ಟು ಮುಕ್ಕಾಲು ಗಂಟೆ ಬರೀ ಪ್ರಶ್ನೆ ಕೇಳಿದರು. ಏನು ತಿಂದರೆ, ಎಷ್ಟು ಹೊತ್ತಿಗೆ, ಹಸಿಯೋ ಬೇಯಿಸಿದ್ದೋ, ಯಾವ ತಿಂಗಳು, ಹೊಟ್ಟೆನೋವು ಇತ್ತೋ, ಮೈಮೇಲೆ ಗಂಧೆ ಎದ್ದಿತ್ತೋ, ಉಸಿರು ಕಟ್ಟಿತ್ತೋ. ಶೇಂಗಾ ತಿಂದು ಏನಾಗಿತ್ತು ಅಂತ ಕೇಳಿದಾಗ ನಾನು ಬಾಯಿ ತೆರೆದು ಸುಮ್ಮನಾದೆ. ಏನೂ ಆಗಿರಲಿಲ್ಲ. ನಲವತ್ತು ವರ್ಷ ತಿಂದಿದ್ದೆ.

"ಮತ್ತ ಯಾಕ್ ಬಿಟ್ಟ್ರಿ ಟೀಚರ್?" ಅಂದರು.

ಮುಂದಿನ ಭೇಟಿಗೆ ಡಬ್ಬಿ ಕಟ್ಟಿಕೊಂಡು ಬರಲು ಹೇಳಿದರು. ನನ್ನ ಊಟಕ್ಕಲ್ಲ. ಹಸಿ ಸವತೆಕಾಯಿ, ಬೇಯಿಸಿದ ಸವತೆಕಾಯಿ, ಕರಬೂಜದ ಹೋಳು, ಹಸಿ ಟೊಮೆಟೊ, ಕುದಿಸಿದ ಟೊಮೆಟೊ, ಹುರಿದ ಶೇಂಗಾ. ಅದಕ್ಕೂ ಮೊದಲು ಒಂದು ವಾರ ಸೀನಿನ ಗುಳಿಗೆ ಸಿಟ್ರಿಜಿನ್ ಪೂರ್ತಿ ನಿಲ್ಲಿಸಬೇಕು. ಅಕ್ಟೋಬರ್ ತಿಂಗಳಲ್ಲಿ! ಆ ವಾರ ನಾನು ಕ್ಲಾಸಿನಲ್ಲಿ ಪಾಠ ಮಾಡಿದ್ದಕ್ಕಿಂತ ಮೂಗು ಒರೆಸಿಕೊಂಡದ್ದೇ ಜಾಸ್ತಿ. ಡಬ್ಬಿ ಹಿಡಿದು ಚಿಗರಿ ಬಸ್ಸಿನಲ್ಲಿ ಕೂತಾಗ ಪಕ್ಕದವರು ಕರಬೂಜದ ವಾಸನೆಗೆ ಎರಡು ಸಲ ತಿರುಗಿ ನೋಡಿದರು. ನವಲೂರು ದಾಟುವಾಗ ಪೇರಲ ಹಣ್ಣಿನ ಬುಟ್ಟಿಗಳು ಕಂಡವು. ಅದನ್ನೂ ತಿನ್ನುವ ಧೈರ್ಯ ಹೋಗಿ ಎರಡು ವರ್ಷವಾಗಿತ್ತು.

ಚರ್ಮದ ಪರೀಕ್ಷೆ ನೋಡಲು ಸಾದಾ. ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಅಂಕಿ ಬರೆದರು. ಬಾಟಲಿಯ ಪರಾಗದ ದ್ರಾವಣಗಳನ್ನು ಒಂದೊಂದು ಹನಿ ಇಟ್ಟು, ಸಣ್ಣ ಮೊನೆಯಿಂದ ಚುಚ್ಚಿದರು. ರಕ್ತ ಬರುವುದಿಲ್ಲ, ಇರುವೆ ಕಚ್ಚಿದಷ್ಟೇ. ನನ್ನ ಡಬ್ಬಿಯ ವಸ್ತುಗಳಿಗೆ ಬೇರೆ ವಿಧಾನ. ಮೊನೆಯನ್ನು ಮೊದಲು ಸವತೆಕಾಯಿಗೆ ಚುಚ್ಚುವುದು, ಅದೇ ಮೊನೆಯಿಂದ ಕೈಗೆ ಚುಚ್ಚುವುದು. ಹದಿನೈದು ನಿಮಿಷ ಕೆರೆಯಬಾರದು. ಹಸಿ ಸವತೆಕಾಯಿಯ ಜಾಗದಲ್ಲಿ ಸೊಳ್ಳೆ ಕಚ್ಚಿದ ಹಾಗೆ ದುಂಡಗೆ ಎದ್ದಿತು. ಡಾಕ್ಟರು ಸ್ಕೇಲ್ ಇಟ್ಟು ಅಳೆದರು, ಆರು ಮಿಲಿಮೀಟರ್. ಅದರ ಪಕ್ಕದಲ್ಲೇ ಬೇಯಿಸಿದ ಸವತೆಕಾಯಿಯ ಜಾಗ ತಣ್ಣಗೆ ಮಲಗಿತ್ತು. ಎರಡು ಬೆರಳಿನ ಅಂತರದಲ್ಲಿ ಒಂದೇ ಕಾಯಿ, ಒಂದಕ್ಕೆ ಗುಳ್ಳೆ, ಇನ್ನೊಂದಕ್ಕೆ ಏನೂ ಇಲ್ಲ. ಅದನ್ನು ನೋಡಿದ ಮೇಲೆ ನನಗೆ ಅರ್ಧ ಅರ್ಥವಾಗಿತ್ತು.

ತೊಂದರೆ ಇದ್ದದ್ದು ಶೇಂಗಾದ್ದು. ಅದು ಮೂರು ಮಿಲಿಮೀಟರ್ ಎದ್ದಿತ್ತು. ಪಾಸಿಟಿವ್ ಅನ್ನಲು ಅಷ್ಟು ಸಾಕು, ಅಂದರೆ ಗಡಿಯ ಮೇಲೆ. ಹೋಗಿ ತಿನ್ನಿ ಅಂತ ಹೇಳಲು ಬರುವುದಿಲ್ಲ, ಜೀವಮಾನವಿಡೀ ಬಿಡಿ ಅನ್ನಲೂ ಮನಸ್ಸಿಲ್ಲ, ಇಂಥ ಕಡೆಯೇ ಮಾಲಿಕ್ಯುಲರ್ ಟೆಸ್ಟ್ ಬೇಕಾಗುವುದು ಅಂದರು. ಶೇಂಗಾ ಅಂದರೆ ಒಂದೇ ಪದಾರ್ಥ ಅಲ್ಲ. ಅದರಲ್ಲಿ ಹತ್ತಾರು ಪ್ರೋಟೀನು. ಹಳೆಯ ಟೆಸ್ಟ್ ಇಡೀ ಶೇಂಗಾವನ್ನು ಅರೆದು, ಆ ರಸಕ್ಕೆ ನಿಮ್ಮ ರಕ್ತದ ಐಜಿಇ, ಅಂದರೆ ಅಲರ್ಜಿ ಎಬ್ಬಿಸುವ ಪ್ರತಿಕಾಯ, ಅಂಟುತ್ತದೆಯೇ ಅಂತ ನೋಡುತ್ತದೆ. ಯಾವ ಪ್ರೋಟೀನಿಗೆ ಅಂಟಿತು ಅಂತ ಹೇಳುವುದಿಲ್ಲ. ಹೊಸದು ಒಂದೊಂದೇ ಪ್ರೋಟೀನನ್ನು ಬಿಡಿಬಿಡಿಯಾಗಿ ಇಟ್ಟು ನೋಡುತ್ತದೆ. ವಿಯೆನ್ನಾದಲ್ಲಿ ತಯಾರಾಗುವ ಒಂದು ಸಣ್ಣ ಟೆಸ್ಟ್ ಚಿಪ್ ಮೇಲೆ ಸುಮಾರು 300 ಚುಕ್ಕೆ. ಅರ್ಧಕ್ಕಿಂತ ಹೆಚ್ಚು ಚುಕ್ಕೆ ಬಿಡಿ ಪ್ರೋಟೀನಿನವು, ಉಳಿದವು ಇಡೀ ರಸದವು. ಕೆಲವು ಹನಿ ರಕ್ತ ಸಾಕು. ಇದಕ್ಕೆ ಸಿಟ್ರಿಜಿನ್ ನಿಲ್ಲಿಸುವುದೂ ಬೇಡ. ಮೊದಲೇ ಹೇಳಿದ್ದರೆ ಆ ಒಂದು ವಾರ ಉಳಿಯುತ್ತಿತ್ತಲ್ಲ ಅಂದೆ. ಚರ್ಮದ ಪರೀಕ್ಷೆ ಇಲ್ಲದಿದ್ದರೆ ಏನು ಹುಡುಕಬೇಕು ಅನ್ನುವುದೇ ಗೊತ್ತಾಗುತ್ತಿರಲಿಲ್ಲ ಅಂತ ನಕ್ಕರು. ಖರ್ಚು ಹತ್ತು ಸಾವಿರ ದಾಟಿತು. ವಿಮೆಯಲ್ಲಿ ಸಿಗಲಿಲ್ಲ. ರಕ್ತ ಹುಬ್ಬಳ್ಳಿಯಲ್ಲಿ ಕೊಟ್ಟೆ, ಟೆಸ್ಟ್ ನಡೆದದ್ದು ಬೇರೆ ಊರಿನಲ್ಲಿ, ವರದಿ ಬರಲು ಹನ್ನೆರಡು ದಿನ.

ವರದಿ ಬಂದ ದಿನ ಡಾಕ್ಟರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಹಾಗೇ ಕೂತಿದೆ.

"ಮಾಳಮಡ್ಡಿಯೊಳಗ ನಿಂತು 'ಕುಲಕರ್ಣಿಯವರs' ಅಂತ ಕೂಗ್ರಿ. ಎಷ್ಟ್ ಮಂದಿ ತಿರುಗಿ ನೋಡ್ತಾರ?"

"ಭಾಳ ಮಂದಿ."

"ನಿಮ್ಮ ರಕ್ತಾನೂ ಅಡ್ಡಹೆಸರು ಹಿಡದು ಕೂಗಾಕತ್ತೈತಿ. ನಿಮಗ ಬೇಕಾಗಿದ್ದ ಕುಲಕರ್ಣಿ ಒಬ್ಬರ. ತಿರುಗಿ ನೋಡಿದವರು ಹತ್ತು ಮಂದಿ."

ಆ ಅಡ್ಡಹೆಸರು ಪ್ರೊಫಿಲಿನ್. ಎಲ್ಲ ಗಿಡಗಳ ಜೀವಕೋಶದಲ್ಲೂ ಇರುವ ಪ್ರೋಟೀನು. ಹುಲ್ಲಿನ ಪರಾಗದಲ್ಲಿ, ಕರಬೂಜದಲ್ಲಿ, ಟೊಮೆಟೊದಲ್ಲಿ, ಬಾಳೆಯಲ್ಲಿ, ರಬ್ಬರ್ ಹಾಲಿನಲ್ಲಿ, ಶೇಂಗಾದಲ್ಲಿ ಎಲ್ಲ ಕಡೆ ಅದರ ರೂಪ ಹೆಚ್ಚುಕಡಿಮೆ ಒಂದೇ. ಮೂಗಿನ ಮೂಲಕ ವರ್ಷಗಟ್ಟಲೆ ಪರಾಗ ಒಳಗೆ ಹೋಗಿ ಮೈ ಅದರ ಮೇಲೆ ಹಗೆ ಕಟ್ಟಿಕೊಂಡಿದೆ. ಆಮೇಲೆ ಅದೇ ಮುಖ ಸವತೆಕಾಯಿಯಲ್ಲಿ ಕಂಡರೂ ಬಾಯಿ ತುರಿಸುತ್ತದೆ. ಆದರೆ ಇದು ಮೆದು ಪ್ರೋಟೀನು. ಕುದಿಸಿದರೆ ಅದರ ರೂಪ ಕೆಡುತ್ತದೆ, ಹೊಟ್ಟೆಯ ಆಮ್ಲ ತಗಲಿದರೂ ಕೆಡುತ್ತದೆ. ಹಾಗಾಗಿ ತುರಿಕೆ ಸಾಮಾನ್ಯವಾಗಿ ಬಾಯಿಯಲ್ಲೇ ನಿಲ್ಲುತ್ತದೆ, ಟೊಮೆಟೊ ಸಾರು ನಿರಾಳವಾಗಿ ಇಳಿಯುತ್ತದೆ.

ವರದಿಯಲ್ಲಿ ಹೆಸರುಗಳು ಯಾವುದೋ ಗುಪ್ತ ಭಾಷೆಯ ಹಾಗೆ. ಗುಟ್ಟು ಗೊತ್ತಾದರೆ ಸುಲಭ. ಗಿಡದ ಲ್ಯಾಟಿನ್ ಹೆಸರಿನ ಮೊದಲ ಪದದಿಂದ ಮೂರಕ್ಷರ, ಎರಡನೆಯದರಿಂದ ಒಂದಕ್ಷರ, ಮುಂದೆ ಒಂದು ಅಂಕಿ. ಶೇಂಗಾ ಅರಾಕಿಸ್ ಹೈಪೋಜಿಯಾ, ಹಾಗಾಗಿ ಅರಾ ಎಚ್. ಕರಬೂಜದ ಪ್ರೊಫಿಲಿನ್ ಕುಕ್ ಎಂ 2, ರಬ್ಬರಿನದು ಹೆವ್ ಬಿ 8, ಬರ್ಚ್ ಮರದ್ದು ಬೆಟ್ ವಿ 2. ನನಗೆ ಈ ಮೂರೂ ಪಾಸಿಟಿವ್. ಬರ್ಚ್ ಮರವನ್ನು ನಾನು ಜನ್ಮದಲ್ಲಿ ನೋಡಿಲ್ಲ! ಅಡ್ಡಹೆಸರಿನ ಆಟ ಅಂದರೆ ಇದೇ. ಬರ್ಚಿನ ಸ್ವಂತ ಹೆಸರು ಬೆಟ್ ವಿ 1. ಯುರೋಪಿನಲ್ಲಿ ಸೇಬು ತಿಂದು ಬಾಯಿ ತುರಿಸಿಕೊಳ್ಳುವವರಲ್ಲಿ ಅದು ಪಾಸಿಟಿವ್ ಬರುತ್ತದಂತೆ. ನನಗೆ ಅದು ನೆಗೆಟಿವ್.

ಇನ್ನು ಶೇಂಗಾ. ಅದರಲ್ಲಿ ನಿಜವಾಗಿ ಹೆದರಬೇಕಾದವು ಬೀಜದೊಳಗೆ ಕೂಡಿಟ್ಟ ಪ್ರೋಟೀನುಗಳು, ಅರಾ ಎಚ್ 1, 2, 3, 6. ಇವು ಹುರಿದರೂ ಸಾಯುವುದಿಲ್ಲ, ಹೊಟ್ಟೆಯಲ್ಲೂ ಬೇಗ ಕರಗುವುದಿಲ್ಲ. ಜೀವಕ್ಕೆ ಅಪಾಯವಾಗುವಂಥ ಶೇಂಗಾ ಅಲರ್ಜಿಯಲ್ಲಿ ಅರಾ ಎಚ್ 2ಕ್ಕೇ ಹೆಚ್ಚು ತೂಕ. ನನಗೆ ನಾಲ್ಕೂ ನೆಗೆಟಿವ್. ಅರಾ ಎಚ್ 9 ಅಂತ ಇನ್ನೊಂದಿದೆ, ಎಲ್‌ಟಿಪಿ ಅನ್ನುವ ಪ್ರೋಟೀನು ಬಳಗದ್ದು. ಅದೂ ಕುದಿಸಿದರೆ ಜಗ್ಗುವುದಿಲ್ಲ, ಆ ಬಳಗದವು ಹಣ್ಣುಗಳ ಸಿಪ್ಪೆಯಲ್ಲಿ ಜಾಸ್ತಿ ಇರುತ್ತವೆ. ಅದೂ ನೆಗೆಟಿವ್, ಪೀಚ್ ಹಣ್ಣಿನ ಪ್ರು ಪಿ 3 ಕೂಡ. ಹಾಗಾದರೆ ಮೊದಲ ಲ್ಯಾಬಿನ 1.4 ಎಲ್ಲಿಂದ ಬಂತು? ಒಂದು ಪಾಲು ಪ್ರೊಫಿಲಿನ್. ಇನ್ನೊಂದು ಪಾಲು ಗಿಡದ ಪ್ರೋಟೀನುಗಳಿಗೆ ಅಂಟಿಕೊಂಡಿರುವ ಸಕ್ಕರೆಯ ಬಾಲ. ಸಿಸಿಡಿ ಅಂತ ಅದರ ಹೆಸರು. ರಕ್ತದ ಟೆಸ್ಟಿನಲ್ಲಿ ಅದು ಕಾಣುತ್ತದೆ, ಮೈಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಈ ಚಿಪ್ಪಿನಲ್ಲಿ ಅದನ್ನು ತಡೆಯುವ ವಸ್ತು ಮೊದಲೇ ಸೇರಿಸಿರುತ್ತಾರೆ. ತಡೆದ ಕೂಡಲೇ ಗೋಧಿ, ಎಳ್ಳು, ಸೋಯಾ ಎಲ್ಲವೂ ನೆಲಕ್ಕಿಳಿದಿದ್ದವು.

ಹಾಗಾದರೆ ನಿಜವಾದ ಕುಲಕರ್ಣಿ ಯಾರು? ಅಂದರೆ ಮೂಲ ಪರಾಗ ಯಾವುದು? ಸ್ವಂತ ಹೆಸರಿನಲ್ಲಿ ಜೋರಾಗಿ ಪಾಸಿಟಿವ್ ಬಂದವು ಎರಡೇ. ಒಂದು ಕರಿಕೆ ಹುಲ್ಲು, ಇನ್ನೊಂದು ಮಾಚಿಪತ್ರೆ ಜಾತಿಯ ಗಿಡ. ಇದನ್ನು ಕೇಳಿ ಅತ್ತೆ ಕೈ ಮುಗಿದರು. "ಎರಡೂ ಗಣಪ್ಪಗ ಏರಸೂವು ಅಲ್ಲೇನ?" ಹೌದು, ಇಪ್ಪತ್ತೊಂದು ಪತ್ರೆಯಲ್ಲಿ ಮಾಚಿಪತ್ರೆಯೇ ಮೊದಲು. ಆದರೆ ಗಣಪ್ಪನನ್ನು ದೂರುವ ಹಾಗಿಲ್ಲ. ಚಿಪ್ಪಿನಲ್ಲಿ ನಮ್ಮ ಕಾಂಗ್ರೆಸ್ ಕಸ ಇರಲಿಲ್ಲ. ಯುರೋಪಿನವರಿಗೆ ಅದರ ಗೊಡವೆ ಕಡಿಮೆ. ಕಾಂಗ್ರೆಸ್ ಕಸವೂ ಮಾಚಿಪತ್ರೆಯೂ ಸೂರ್ಯಕಾಂತಿಯ ಬಳಗ. ಎರಡರ ಪರಾಗದಲ್ಲೂ ಹತ್ತಿರದ ಹೋಲಿಕೆಯ ಪ್ರೋಟೀನಿದೆ. ನಮ್ಮ ಓಣಿಯಲ್ಲಿ ಮಾಚಿಪತ್ರೆ ಎಲ್ಲೂ ಇಲ್ಲ, ಕಾಂಗ್ರೆಸ್ ಕಸ ಎಲ್ಲೆಡೆ ಇದೆ. ಕಳ್ಳ ಯಾರು ಅಂತ ಡಾಕ್ಟರು ಅಲ್ಲಿಂದ ಊಹಿಸಿದರು, ಚರ್ಮದ ಪರೀಕ್ಷೆಯಲ್ಲಿ ಅದು ಎಬ್ಬಿಸಿದ್ದ ದೊಡ್ಡ ಗುಳ್ಳೆಯೂ ಅದನ್ನೇ ಹೇಳಿತ್ತು. 1950ರ ದಶಕದಲ್ಲಿ ಪುಣೆಯ ಹತ್ತಿರ ಮೊದಲು ಕಣ್ಣಿಗೆ ಬಿದ್ದ ಈ ಕಸ ಅಮೆರಿಕದ ಗೋಧಿಯ ಜೊತೆ ಬಂತು ಅಂತ ಹೇಳುತ್ತಾರೆ. ಗೋಧಿ ಬಿಡಿ ಅಂತ ಲ್ಯಾಬಿನವರು ಹೇಳಿದ್ದರಲ್ಲಿ ಅಷ್ಟಾದರೂ ನ್ಯಾಯ ಇತ್ತೇನೋ.

ನನಗೊಂದು ಹೊಸ ಭಯ ಹುಟ್ಟಿತು. ಗುರೆಳ್ಳು, ಹಕ್ಕರಕಿ, ಕುಸುಬಿ ಇವೆಲ್ಲ ಅದೇ ಸೂರ್ಯಕಾಂತಿ ಬಳಗದವು. ಎರಡು ವರ್ಷ ದಿನಾ ಗುರೆಳ್ಳು ಚಟ್ನಿ ತಿಂದಿದ್ದೆ. ಅದಕ್ಕೂ ಒಂದು ಟೆಸ್ಟ್ ಮಾಡಿಸಲೇ ಅಂತ ಕೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. "ತಿಂದ್ ಏನೂ ಆಗದ ಇದ್ದದ್ದಕ್ಕ ಟೆಸ್ಟ್ ಮಾಡಸಬ್ಯಾಡ್ರಿ. ಮತ್ತೊಂದು ಕೆಂಪ್ ಅಕ್ಷರ ಬರತೈತಿ, ಅದನ್ನೂ ಬಿಡತೀರಿ."

ಇಷ್ಟಾದರೂ ಶೇಂಗಾ ತಿನ್ನಲು ಅಪ್ಪಣೆ ಸಿಗಲಿಲ್ಲ. ಚಿಪ್ ಏನೇ ಹೇಳಲಿ, ಕೊನೆಯ ತೀರ್ಪು ಬಾಯಿಯದು ಅಂದರು. ಕಾಂಗ್ರೆಸ್ ಕಸದ ಕಾಟ ಇಳಿಯಲಿ ಅಂತ ಜನವರಿಗೆ ದಿನ ಗೊತ್ತು ಮಾಡಿದರು. ಆಸ್ಪತ್ರೆಯಲ್ಲಿ, ಕೈಗೆ ಸೂಜಿ ಹಾಕಿ, ಪಕ್ಕದ ಟ್ರೇಯಲ್ಲಿ ತುರ್ತಿಗೆ ಕೊಡುವ ಅಡ್ರಿನಲಿನ್ ಇಟ್ಟುಕೊಂಡು. ಇದನ್ನು ಮನೆಯಲ್ಲಿ ಯಾರೂ ಮಾಡಿ ನೋಡಬಾರದು. ಸೂಜಿ ಮತ್ತು ಆ ಟ್ರೇ ನೋಡಿದರೆ ಯಾಕೆ ಅಂತ ತಿಳಿಯುತ್ತದೆ.

ಬೆಳಿಗ್ಗೆ ಒಂಬತ್ತೂವರೆಗೆ ಮೊದಲ ಡೋಸ್. ಹುರಿದು ಸಿಪ್ಪೆ ತೆಗೆದ ಒಂದು ಶೇಂಗಾ ಬೀಜವನ್ನು ಬ್ಲೇಡಿನಿಂದ ಕೊರೆದು, ಜೋಳದ ಕಾಳಿಗಿಂತ ಸಣ್ಣ ಚೂರನ್ನು ಚಮಚದಲ್ಲಿ ಕೊಟ್ಟರು. ನಾಲಿಗೆಯ ಮೇಲೆ ಇಟ್ಟುಕೊಂಡೆ. ಆ ವಾಸನೆ! ಎರಡು ವರ್ಷ ಅಡಿಗೆಮನೆಯಲ್ಲಿ ದೂರದಿಂದ ಮೂಸಿದ್ದು ಈಗ ಬಾಯೊಳಗೆ. ಎದೆ ಹೊಡೆದುಕೊಳ್ಳುತ್ತಿತ್ತು. ಅದು ಅಲರ್ಜಿಯೋ ಹೆದರಿಕೆಯೋ ನನಗೇ ತಿಳಿಯಲಿಲ್ಲ. ನರ್ಸ್ ಬಿಪಿ ನೋಡಿ, "ಹೆದರಿಕಿ ರೀ ಅಕ್ಕಾರ" ಅಂದಳು. ಇಪ್ಪತ್ತು ನಿಮಿಷಕ್ಕೊಮ್ಮೆ ಡೋಸ್. ಕಾಲು ಬೀಜ, ಅರ್ಧ, ಒಂದು, ಮೂರು. ಮೂರನೆಯ ಡೋಸಿಗೆ ತುಟಿ ತುರಿಸಿದ ಹಾಗಾಯಿತು. ಎಲ್ಲರೂ ನಿಂತರು. ಹತ್ತು ನಿಮಿಷ ಕಾದರು. ಏನೂ ಮುಂದುವರಿಯಲಿಲ್ಲ. ಕೊನೆಯ ಡೋಸ್ ಹನ್ನೆರಡು ಬೀಜ. ಅವನ್ನು ಒಂದೊಂದಾಗಿ ಎಣಿಸಿ ತಿಂದೆ. ಆಮೇಲೆ ಎರಡು ಗಂಟೆ ಕೂರಿಸಿದರು. ನಮ್ಮ ಮನೆಯವರು ಹೊರಗೆ ಮೂರು ಸಲ ಚಹಾ ಕುಡಿದು ಬಂದರು.

ಸವತೆಕಾಯಿಗೆ ಮಾತ್ರ ಬಿಡುಗಡೆ ಇಲ್ಲ. ಸೀಸನ್ ಇಲ್ಲದಾಗ ಒಂದೆರಡು ಹೋಳು ನಡೆಯುತ್ತದೆ, ಅಕ್ಟೋಬರಿನಲ್ಲಿ ಬೇಡ. ಖಾಲಿ ಹೊಟ್ಟೆಗೆ ದೊಡ್ಡ ಲೋಟ ಕರಬೂಜದ ಜ್ಯೂಸ್ ಯಾವತ್ತೂ ಬೇಡ. ಒಂದೇ ಸಲ ಅಷ್ಟೊಂದು ಹಸಿ ಪ್ರೋಟೀನು ಹೋದರೆ ತುರಿಕೆ ಬಾಯಿ ದಾಟಿ ಹೋಗಬಹುದು. ಅಸಿಡಿಟಿ ಗುಳಿಗೆ ತೆಗೆದುಕೊಳ್ಳುವ ದಿನಗಳಲ್ಲಿ ಇನ್ನೂ ಹುಷಾರು, ಯಾಕೆಂದರೆ ಆ ಮೆದು ಪ್ರೋಟೀನನ್ನು ಕೊಲ್ಲುವುದೇ ಹೊಟ್ಟೆಯ ಆಮ್ಲ. ಇದನ್ನು ನನಗೆ ಮೊದಲು ಯಾರೂ ಹೇಳಿರಲಿಲ್ಲ. ನಾನು ವರ್ಷಗಟ್ಟಲೆ ಆ ಗುಳಿಗೆಯನ್ನು ಪೆಪ್ಪರಮೆಂಟಿನ ಹಾಗೆ ನುಂಗುತ್ತಿದ್ದೆ. ಮೂಗಿಗೆ ಸ್ಪ್ರೇ ಸೀಸನ್ನಿಗೆ ಎರಡು ವಾರ ಮೊದಲೇ ಶುರು ಮಾಡುತ್ತೇನೆ. ಪಕ್ಕದ ಖಾಲಿ ಸೈಟಿನ ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಕಸ ಹೂ ಬಿಡುವ ಮುಂಚೆ ನಾವೇ ದುಡ್ಡು ಕೊಟ್ಟು ಕೀಳಿಸುತ್ತೇವೆ. ಕೀಳುವವರಿಗೆ ಕೈಗವಸು ಕೊಡುತ್ತೇವೆ, ಆ ಗಿಡ ಮುಟ್ಟಿದರೆ ಚರ್ಮವೂ ಕೆಡುತ್ತದೆ.

ಮೊನ್ನೆ ಶಾಲೆ ಬಿಟ್ಟ ಮೇಲೆ ಸಪ್ತಾಪುರದಲ್ಲಿ ಗಿರಮಿಟ್ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವರಿಗೆ ನನ್ನ ಹಳೆಯ ಪಥ್ಯ ಬಾಯಿಪಾಠ. ಚುರುಮುರಿ ಕಲಸುತ್ತ ಕೇಳಿದರು.

"ನಿಮಗ ಶೇಂಗಾ ನಡೆಯೂದಿಲ್ಲಲ್ರಿ ಟೀಚರ್?"

"ಈಗ ನಡೀತೈತ್ರಿ. ಟೊಮೆಟೊ ಬ್ಯಾಡ."

ಅವರು ಕೈ ತಡೆದು ನನ್ನ ಮುಖ ನೋಡಿದರು. "ಹೋದ ವರ್ಷ ಎರಡೂ ಬ್ಯಾಡ ಅಂತಿದ್ರಲ್ರಿ" ಅಂದು, ಹೋಳು ಮಾಡಿಟ್ಟ ಟೊಮೆಟೊ ಬದಿಗೆ ಸರಿಸಿ, ಒಂದು ಮುಷ್ಟಿ ಶೇಂಗಾ ಹಾಕಿದರು.